ಬೀಗಣ್ಣ ಬಾಯಿಬಿಟ್ಟ ದಿನ

ಫೋನಿನ ಆ ಕಡೆಯ ಹುಡುಗಿ ಮೂಗಿನಿಂದ ಒಂದು ಚೂರು ಗಾಳಿ ಬಿಡದೇ ಇದ್ದಿದ್ದರೆ ಬೀಗಣ್ಣನ ಆ ದಿನ ಉಳಿದ ದಿನಗಳ ಹಾಗೆಯೇ ಸದ್ದಿಲ್ಲದೆ ಕಳೆದುಹೋಗುತ್ತಿತ್ತು. ಅದನ್ನು ನಗು ಎನ್ನಲೂ ಆಗದು. ಆದರೆ ಹತ್ತೊಂಬತ್ತು ವರ್ಷ ಸರ್ವರ್‌ಗಳ ಗುಂಯ್ ಸದ್ದು ಕೇಳಿ ಕೇಳಿ, ಯಾವ ಫ್ಯಾನು ನಾಳೆ ಕೈಕೊಡುತ್ತದೆ ಎಂಬುದನ್ನು ಇವತ್ತೇ ಹೇಳಬಲ್ಲ ಕಿವಿ ಅವನದು. ಆ ಗಾಳಿ ಅವನ ಕಿವಿಗೆ ಬಿತ್ತು. ಬಿದ್ದದ್ದು ಅಲ್ಲೇ ಕೂತಿತು.

ಹುಡುಗಿ ಫೋನು ಮಾಡಿದ್ದು ಮಧ್ಯಾಹ್ನ ಮೂರು ಗಂಟೆಯ ಇಂಟರ್‌ವ್ಯೂ ನೆನಪಿಸುವುದಕ್ಕೆ. ಇಡುವ ಮುಂಚೆ, "ಸರ್, ಯಾವ್ಯಾವ ಸೆಕ್ಯುರಿಟಿ ಟೂಲ್ಸ್ ಬಳಸಿದ್ದೀರಿ? ಒಂದೆರಡು ಹೇಳಿಬಿಡಿ, ಫಾರಂನಲ್ಲಿ ತುಂಬ್ಕೋತೀನಿ" ಎಂದಳು.

"ನ್ಮಾಪ್" ಎಂದ ಬೀಗಣ್ಣ.

"ಏನು ಸರ್?"

"ನ್ಮಾಪ್. ನೆಟ್‌ವರ್ಕಲ್ಲಿ ಯಾವ ಕಂಪ್ಯೂಟರಿನ ಯಾವ ಬಾಗಿಲು ತೆರೆದಿದೆ ಅಂತ ನೋಡೋಕೆ..."

"ಓ, ಎನ್‌ಮ್ಯಾಪಾ!" ಎಂದಳು ಹುಡುಗಿ. ಆಮೇಲೆ ಬಂದದ್ದೇ ಆ ಗಾಳಿ.

ಬೀಗಣ್ಣ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಸರಕು ಸಾಗಣೆಯ ಕಂಪನಿಯೊಂದರ ನೆಲಮಾಳಿಗೆಯಲ್ಲಿ ಕೂತು, ಅದರ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗದ ಹಾಗೆ ಬೀಗ ಜಡಿಯುವುದು ಅವನ ಕೆಲಸವಾದ್ದರಿಂದ ಸಹೋದ್ಯೋಗಿಗಳು ಇಟ್ಟ ಹೆಸರು. ಹೊಸದಾಗಿ ಸೇರಿದವರು ಕೆಲವರು ಇವನು ಮಾಲೀಕರ ಕಡೆಯ ಬೀಗರಿರಬೇಕೆಂದು ತಿಳಿದು ಮೊದಲ ಒಂದು ವಾರ ಎದ್ದು ನಿಲ್ಲುತ್ತಿದ್ದರು. ಬೀಗಣ್ಣ ಅದನ್ನು ತಿದ್ದಲು ಅವಸರ ಮಾಡುತ್ತಿರಲಿಲ್ಲ.

ಈಗ ಕಂಪನಿ ತನ್ನ ಸರ್ವರ್‌ಗಳನ್ನೆಲ್ಲ ಬೇರೆ ಯಾರದೋ ದೊಡ್ಡ ಕಟ್ಟಡಕ್ಕೆ ಬಾಡಿಗೆಗೆ ಸಾಗಿಸುತ್ತಿತ್ತು. ತಿಂಗಳ ಕೊನೆಗೆ ನೆಲಮಾಳಿಗೆ ಖಾಲಿ, ಬೀಗಣ್ಣನೂ ಖಾಲಿ. ನಲವತ್ತೇಳರ ವಯಸ್ಸಿನಲ್ಲಿ ಅವನು ಅರ್ಜಿ ಹಾಕಿದ ಇಪ್ಪತ್ತಾರು ಕಡೆಯಲ್ಲಿ ಕರೆದದ್ದು ಈ ಒಂದೇ ಕಂಪನಿ.

"ಎನ್‌ಮ್ಯಾಪ್ ಅನ್ಬೇಕಂತೆ" ಎಂದು ಅವನು ತಿಂಡಿಯ ತಟ್ಟೆಗೆ ಹೇಳಿದ.

ಕಾಲೇಜಿಗೆ ಹೊರಟಿದ್ದ ಮಗಳು ಶೂ ಲೇಸು ಕಟ್ಟುವುದನ್ನು ಅರ್ಧಕ್ಕೆ ನಿಲ್ಲಿಸಿದಳು. "ಮತ್ತೆ ನೀನೇನಂತಿದ್ದೆ?"

ಬೀಗಣ್ಣ ಹೇಳಿದ.

"ಅಪ್ಪಾ! ಹತ್ತೊಂಬತ್ತು ವರ್ಷದಿಂದ ಎಲ್ಲರ ಹತ್ರಾನೂ ಹೀಗೇ ಹೇಳ್ತಿದ್ಯಾ?"

"ಯಾರ ಹತ್ರ ಹೇಳಿದೀನಿ? ಟೈಪ್ ಮಾಡಿದೀನಿ."

ಅದು ಸತ್ಯವೇ. ಬರೆದಂತೆ ಓದುವ, ಓದಿದಂತೆ ಬರೆಯುವ ಭಾಷೆಯಲ್ಲಿ ಅಕ್ಷರ ಕಲಿತವನು ಬೀಗಣ್ಣ. ಅಕ್ಷರವೊಂದು ಸಾಲಿನಲ್ಲಿ ಬಂದು ನಿಂತಿದೆ ಎಂದರೆ ಅದು ಉಸಿರೆತ್ತುತ್ತದೆ ಎಂದೇ ಅವನ ನಂಬಿಕೆ. ಪುಸ್ತಕದಲ್ಲಿ, ಪರದೆಯ ಮೇಲೆ ಸಾವಿರಾರು ಸಲ ನೋಡಿದ ಹೆಸರುಗಳನ್ನು ಮನಸ್ಸಿನಲ್ಲೇ ಹಾಗೆ ಓದಿಕೊಂಡಿದ್ದ. ಮನಸ್ಸಿನಲ್ಲಿ ಓದಿದ್ದಕ್ಕೆ ಯಾರೂ ಮೂಗಿನಿಂದ ಗಾಳಿ ಬಿಟ್ಟಿರಲಿಲ್ಲ.

ಮಗಳು ಶೂ ಕಳಚಿ ಒಳಗೆ ಬಂದಳು. ಇವತ್ತು ಮೊದಲನೇ ಕ್ಲಾಸು ಹೋದರೂ ಚಿಂತೆಯಿಲ್ಲ, ಅಪ್ಪನ ಮಾನ ಉಳಿಸಬೇಕು ಎಂಬ ಕಳೆ ಅವಳ ಮುಖದಲ್ಲಿತ್ತು. ಅರ್ಜಿಯ ಪ್ರತಿ ತೆಗೆದು ಒಂದೊಂದೇ ಹೆಸರು ಓದಿಸಿದಳು. ಮೊದಲನೆಯದಕ್ಕೆ ಕಣ್ಣು ಮುಚ್ಚಿದಳು. ಎರಡನೆಯದಕ್ಕೆ ಹಣೆ ಹಿಡಿದುಕೊಂಡಳು. ನಾಲ್ಕನೆಯದು ಮುಗಿಯುವಾಗ ಅಡುಗೆಮನೆಗೆ ಓಡಿ, "ಅಮ್ಮಾ, ಒಂದು ಲೋಟ ನೀರು" ಎಂದಳು.

ಹೆಂಡತಿ ನೀರಿನ ಜೊತೆಗೆ ತಾನೂ ಬಂದಳು. "ಅಲ್ಲಾ ರೀ, ಆ ಹೆಸರುಗಳನ್ನ ಎತ್ತದೇ ಮಾತಾಡೋಕಾಗಲ್ವಾ? ಇಪ್ಪತ್ತೆರಡು ವರ್ಷದಿಂದ ನಾನು ನಿಮ್ಮನ್ನ 'ರೀ' ಅಂತಾನೇ ಕರೀತಿದೀನಿ. ಸಂಸಾರ ನಿಂತುಹೋಗಿದ್ಯಾ?"

"ಅಮ್ಮಾ, ಇಂಟರ್‌ವ್ಯೂನಲ್ಲಿ 'ಆ ರೀ ಸಾಫ್ಟ್‌ವೇರು, ಈ ರೀ ಸಾಫ್ಟ್‌ವೇರು' ಅಂತ ಹೇಳಕ್ಕಾಗತ್ತಾ?"

ಮಗಳು ಮೊಬೈಲಿನಲ್ಲಿ ವಿಡಿಯೋ ಹಚ್ಚಿದಳು. ಪಟ್ಟಿಯ ಕೊನೆಯ ಟೂಲಿನ ಹೆಸರನ್ನು ಮೊದಲನೇ ವಿಡಿಯೋದ ಗಡ್ಡದವನು 'ವಾಝೂ' ಎಂದ. ಎರಡನೆಯದರಲ್ಲಿ ಕನ್ನಡಕದವಳು 'ವಝಾ' ಎಂದಳು. ಮೂರನೆಯವನು ಆ ಹೆಸರು ಬರುವ ಜಾಗದಲ್ಲೆಲ್ಲ 'ಈ ಟೂಲು, ಈ ಟೂಲು' ಎಂದೇ ಮುಗಿಸಿದ. ಮೂರನೆಯವನ ಮೇಲೆ ಬೀಗಣ್ಣನಿಗೆ ಒಡಹುಟ್ಟಿದವನ ಮೇಲಿನಂಥ ಪ್ರೀತಿ ಉಕ್ಕಿತು.

"ಮೇಷ್ಟ್ರನ್ನ ಕೇಳೋಣ" ಎಂದಳು ಹೆಂಡತಿ.

ಕೇಳುವ ಅಗತ್ಯವಿರಲಿಲ್ಲ. ಮೇಲಿನ ಮನೆಯ ನಿವೃತ್ತ ಭಾಷಾ ಮೇಷ್ಟರು ಆಗಲೇ ಮೆಟ್ಟಿಲ ಮೇಲೆ ಅರ್ಧ ಇಳಿದು ನಿಂತಿದ್ದರು. ಕಂಕುಳಲ್ಲಿ ನಿಘಂಟಿತ್ತು. ಒಂದೇ ಪದವನ್ನು ಎರಡು ಗಂಟಲು ಎರಡು ರೀತಿ ಹೇಳಿದ್ದು, ಮೂರನೆಯದು ಹೇಳದೇ ಬಿಟ್ಟದ್ದು ಕೇಳಿದ ಮೇಲೆ ಮನೆಯಲ್ಲಿ ಕೂರುವುದು ಅವರಿಂದ ಆಗುವ ಮಾತೇ?

"ಎಲ್ಲಿ, ಪಟ್ಟಿ ಕೊಡಿ" ಎಂದರು. ಓದಿದರು. ಮುಖ ಅರಳಿತು. "ನೆಸ್ಸಸ್! ಇವ್ರೇ, ಇದು ಗ್ರೀಕರ ಪುರಾಣದ್ದು. ಅರ್ಧ ಕುದುರೆ, ಅರ್ಧ ಮನುಷ್ಯ. ಅದಕ್ಕೆ ತಕ್ಕ ಗಾಂಭೀರ್ಯ ಬೇಕು, ನೆಸ್... ಸಸ್. ಇನ್ನು ಸುರಿಕಾಟ. ಇದು ಲ್ಯಾಟಿನ್ನು. ಮುಂಗುಸಿ ಜಾತಿಯ ಒಂದು ಪ್ರಾಣಿ, ಎರಡು ಕಾಲ ಮೇಲೆ ನಿಂತು ಸುತ್ತ ನೋಡ್ತಿರುತ್ತೆ. ನೀವೇನಂತಿದ್ರಿ?"

"ಸುರಿಕಟ" ಎಂದ ಬೀಗಣ್ಣ ಮೆಲ್ಲಗೆ.

"ಛೆ ಛೆ. ಕುದುರೆಗೆ ಕತ್ತೆ ಅಂದ ಹಾಗಾಯ್ತು."

"ಮೇಷ್ಟ್ರೇ, ಈಗ ಯಾರೂ ಲ್ಯಾಟಿನ್ ಥರ ಹೇಳಲ್ಲ" ಎಂದಳು ಮಗಳು.

"ಹೇಳದೇ ಇರೋದು ಅವರ ಕರ್ಮ, ಮಗೂ. ಸರಿಯಾದ್ದು ಸರಿಯೇ."

ಮುಂದಿನ ಮುಕ್ಕಾಲು ಗಂಟೆ ಬೀಗಣ್ಣನ ನಾಲಿಗೆ ಇಬ್ಬರು ಎಳೆದಾಡುವ ಚಾಪೆಯಂತಾಯಿತು. ಮೇಷ್ಟರು ಎಳೆ ಎಂದಲ್ಲಿ ಮಗಳು ಮೊಟಕು ಮಾಡು ಎಂದಳು. ಹೆಂಡತಿ ಬಟ್ಟೆಗೆ ಇಸ್ತ್ರಿ ಹಾಕುತ್ತಾ ಅವನು ಹೇಳಿದ್ದನ್ನೆಲ್ಲ ಅವನಿಗಿಂತ ಸರಿಯಾಗಿ ಹೇಳುತ್ತಿದ್ದಳು. ಹತ್ತೂವರೆಗೆ ಮನೆ ಬಿಟ್ಟಾಗ ಅವನ ಜೇಬಿನಲ್ಲಿ ಎರಡು ಚೀಟಿಗಳಿದ್ದವು. ಒಂದು ಮಗಳದು, ಒಂದು ಮೇಷ್ಟರದು. ಎರಡರಲ್ಲೂ ಒಂದೇ ಹೆಸರುಗಳು, ಒಂದೇ ಒಂದು ಉಚ್ಚಾರವೂ ಒಂದೇ ಅಲ್ಲ.

ಅನುಭವದ ಪ್ರಮಾಣಪತ್ರ ತರಲು ಮೊದಲು ಆಫೀಸಿಗೆ ಹೋಗಬೇಕಿತ್ತು. ಪತ್ರ ಕೈಗೆ ಬಂದ ಮೇಲೆ ಅವನ ಕಾಲುಗಳು ಹೇಳದೆ ಕೇಳದೆ ನೆಲಮಾಳಿಗೆಗೆ ಇಳಿದವು.

ಹದಿನಾಲ್ಕು ಮೆಟ್ಟಿಲು. ಕೆಳಗೆ ಕಬ್ಬಿಣದ ಬಾಗಿಲು, ಒಳಗೆ ಬೇಸಿಗೆಯಲ್ಲೂ ಸ್ವೆಟರು ಬೇಕಾಗುವಷ್ಟು ಚಳಿ. ಅರ್ಧ ಕಪಾಟುಗಳು ಆಗಲೇ ಬರಿದಾಗಿದ್ದವು. ತುಂಬು ಸಂಸಾರದಂತೆ ಗುಂಯ್‌ಗುಡುತ್ತಿದ್ದ ಕೋಣೆಯಲ್ಲಿ ಈಗ ಎರಡೇ ಎರಡು ಯಂತ್ರಗಳು ಮುಖ ನೋಡಿಕೊಂಡು ಉಸಿರಾಡುತ್ತಿದ್ದವು.

ಇದೇ ಕೋಣೆಯಲ್ಲಿ ಹದಿಮೂರು ವರ್ಷ ಅವನೂ ಅವನ ಹಿರಿಯ ಸಾಹೇಬರೂ ಎದುರುಬದುರು ಕೂತಿದ್ದರು. ಸಾಹೇಬರೂ ಅವನಂತೆಯೇ, ಕೈಪಿಡಿ ಓದಿ ಕಲಿತವರು. ದಪ್ಪ ಪುಸ್ತಕದ ಪುಟಗಳನ್ನು ಎಂಜಲು ಹಚ್ಚದೆ ತಿರುವಬೇಕೆಂಬುದು ಅವರ ಮೊದಲ ಪಾಠ. ಕಷ್ಟದ ಹೆಸರು ಬಂದರೆ ಇಬ್ಬರೂ ಒಂದು ಕ್ಷಣ ನೋಡಿ, ತಮಗೆ ಒಗ್ಗುವಂತೆ ಒಂದು ಹೆಸರಿಟ್ಟು ಮುಂದೆ ಹೋಗುತ್ತಿದ್ದರು. ತಂತಿಯಲ್ಲಿ ಓಡಾಡುವ ಮಾಹಿತಿಯನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ಅವರ ಬಾಯಲ್ಲಿ 'ಮೀನು' ಆಗಿತ್ತು. "ಮೀನು ಬಿಡಪ್ಪಾ ಒಂದ್ಸಲ" ಎನ್ನುವರು ಸಾಹೇಬರು. "ಬಿಟ್ಟಿದೀನಿ ಸಾರ್, ಮೂರನೇ ಮಹಡೀಲಿ ಏನೋ ಕಚ್ತಾ ಇದೆ" ಎನ್ನುವನು ಬೀಗಣ್ಣ. ಕಸ ಗುಡಿಸಲು ಬರುತ್ತಿದ್ದ ಹೆಂಗಸು ಇವರು ಒಳಗೆ ಎಲ್ಲೋ ಮೀನಿನ ತೊಟ್ಟಿ ಇಟ್ಟಿದ್ದಾರೆಂದು ನಂಬಿ, ಮೇಲಿನವರಿಗೆ ದೂರು ಹೇಳದೆ ನಾಲ್ಕು ವರ್ಷ ಕಾಪಾಡಿದ್ದಳು.

ಸಂಜೆಯಾದರೆ ಸಾಹೇಬರು ದಿನದ ದಾಖಲೆಯನ್ನು ಅಚ್ಚು ಹಾಕಿಸಿ, ಉದ್ದನೆಯ ಕಾಗದವನ್ನು ನೆಲದ ಮೇಲೆ ಹಾಸಿ, ಮಂಡಿಯೂರಿ ಕೂತು ಪೆನ್ಸಿಲಿನಿಂದ ಓದುತ್ತಿದ್ದರು. ಅನುಮಾನದ ಸಾಲಿಗೆ ಒಂದು ಸೊನ್ನೆ ಸುತ್ತುತ್ತಿದ್ದರು. ಬೀಗಣ್ಣ ಇನ್ನೊಂದು ತುದಿಯಿಂದ ಓದುತ್ತ ಬರುವನು. ಕಾಗದದ ನಡುವೆ ಎಲ್ಲೋ ಇಬ್ಬರ ತಲೆಗಳೂ ಸೇರಿದಾಗ ಮನೆಗೆ ಹೋಗುವ ಹೊತ್ತು. ಆ ಕಾಲದಲ್ಲಿ ಯಾರಿಗೂ ಯಾವುದನ್ನೂ ಗಟ್ಟಿಯಾಗಿ ಹೇಳಿ ತೋರಿಸಬೇಕಾಗಿರಲಿಲ್ಲ. ಕಳ್ಳ ಒಳಗೆ ಬರಲಿಲ್ಲ ಎಂದರೆ ಕೆಲಸ ಆಯಿತು ಎಂದರ್ಥ.

ಸಾಹೇಬರು ನಿವೃತ್ತರಾಗಿ ಆರು ವರ್ಷ. ಬೀಗಣ್ಣ ಖಾಲಿ ಕಪಾಟಿಗೆ ಒರಗಿ ಅವರಿಗೆ ಫೋನು ಹಚ್ಚಿದ.

"ಸಾರ್, ಅದು ನ್ಮಾಪ್ ಅಲ್ವಂತೆ. ಎನ್‌ಮ್ಯಾಪ್ ಅಂತೆ."

"ಯಾರಂದ್ರು?"

"ಎಲ್ಲರೂ ಸಾರ್."

"ನಮ್ಮನ್ನ ಯಾರಾದ್ರೂ ಕೇಳಿದ್ರಾ?"

"ಇಲ್ಲ ಸಾರ್."

"ಹೂಂ. ನೇಸಸ್ಸು?"

"ಅದೂ ತಪ್ಪಂತೆ ಸಾರ್."

"ಮೀನು?"

"ಮೀನು ಪರವಾಗಿಲ್ಲ ಸಾರ್."

"ಸದ್ಯ" ಎಂದರು ಸಾಹೇಬರು. "ಅದೊಂದಾದ್ರೂ ಉಳೀತಲ್ಲ. ಹೋಗಿ ಬಾ. ಅಂಗಿ ಇನ್ ಮಾಡ್ಕೋ."

ಬೀಗಣ್ಣ ಅಂಗಿ ಇನ್ ಮಾಡಿಕೊಂಡ. ಚಹಾ ಕುಡಿಯೋಣವೆಂದು ಕ್ಯಾಂಟೀನಿಗೆ ಹೋದ. ಅದೇ ತಪ್ಪಾಯಿತು.

ಮಾರಾಟ ವಿಭಾಗದಲ್ಲಿ ಒಬ್ಬನಿದ್ದ. ಸದಾ ಟೈ ಕಟ್ಟುವವನಾದ್ದರಿಂದ ಎಲ್ಲರಿಗೂ ಅವನು ಟೈ. ಬೀಗಣ್ಣನ ತುಟಿ ಅಲ್ಲಾಡುತ್ತಿರುವುದನ್ನು ನೋಡಿ ಪಕ್ಕದಲ್ಲಿ ಬಂದು ಕೂತ. "ಏನ್ ಬೀಗಣ್ಣ, ಒಬ್ಬೊಬ್ನೇ ಮಾತಾಡ್ತಿದ್ಯಾ? ಇಂಟರ್‌ವ್ಯೂನಾ? ಇಷ್ಟು ದಿನ ಹೇಳೇ ಇಲ್ವಲ್ಲೋ!" ಎಂದು ಗಟ್ಟಿಯಾಗಿ ಕೇಳಿದ. ಹೀಗೆ ಮೂವತ್ತೆರಡು ಜನರಿಗೆ ಏಕಕಾಲದಲ್ಲಿ ವಿಷಯ ಗೊತ್ತಾಯಿತು.

ಟೈ ಚೀಟಿಗಳೆರಡನ್ನೂ ಕಸಿದು ಮೇಜಿನ ಮೇಲೆ ಹರವಿದ. "ಇದ್ರಲ್ಲಿ ಜೀವಾನೇ ಇಲ್ಲ ಮಾರಾಯ. ಹೊಟ್ಟೆಯಿಂದ ಬರ್ಬೇಕು. ನೋಡು: ವಾ...ಝೂ! ಎಲ್ಲರೂ ಹೇಳ್ರಪ್ಪ ಒಂದ್ಸಲ!"

ಮೂವತ್ತೆರಡು ಜನ "ವಾಝೂ" ಎಂದರು. ಮೂಲೆಯಲ್ಲಿ ಮಲಗಿದ್ದ ಬೆಕ್ಕು ಎದ್ದು ಹೊರಗೆ ಹೋಯಿತು. ಲೆಕ್ಕಪತ್ರದವರು 'ವಾಜೂ' ಎಂಬುದೇ ಸರಿ ಎಂದರು. ಉಗ್ರಾಣದವರು ಒಪ್ಪಲಿಲ್ಲ. ಟೀ ಕೊಡುವಾಕೆ, "ಯಾರ್ರೀ ಅದು ವಾಜು? ಹೊಸಬ್ರಾ? ಅವರಿಗೂ ಒಂದು ಟೀನಾ?" ಎಂದಳು. ಎರಡು ವಿಭಾಗಗಳ ನಡುವೆ ಮಾತು ಬೆಳೆದು, ಹಿಂದಿನ ವರ್ಷದ ಕುರ್ಚಿ ಹಂಚಿಕೆಯ ಜಗಳವೂ ಮೇಲೆ ಬಂತು. ಆ ಗದ್ದಲದಲ್ಲಿ ಬೀಗಣ್ಣ ಜಾರಿಕೊಂಡ. ಚೀಟಿಗಳು ಮಾತ್ರ ಚಹಾದಲ್ಲಿ ನೆನೆದು ಅಲ್ಲೇ ಉಳಿದವು.

ಬಸ್ಸಿನಲ್ಲಿ ನೆನಪಿನಿಂದಲೇ ಅಭ್ಯಾಸ ಮುಂದುವರಿಸಿದ. ಮೊದಲು ಮನಸ್ಸಿನಲ್ಲಿ, ಆಮೇಲೆ ತುಟಿಯಲ್ಲಿ, ಆಮೇಲೆ ತನಗೇ ಗೊತ್ತಿಲ್ಲದೆ ಗಟ್ಟಿಯಾಗಿ. "ನೆಸಸ್" ಎಂದಾಗ ಪಕ್ಕದ ಹೆಂಗಸು ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು. "ವಾಝೂ" ಎಂದಾಗ ಮುಂದಿನ ಸೀಟಿನ ಅಜ್ಜ ಹಿಂದೆ ತಿರುಗಿ, "ಶೀತಕ್ಕೆ ಬಿಸಿನೀರಿನ ಹಬೆ ತಗೊಳ್ಳಿ, ನಿಂತುಹೋಗುತ್ತೆ" ಎಂದ. ಎರಡು ನಿಲ್ದಾಣ ಕಳೆಯುವುದರಲ್ಲಿ ಇಬ್ಬರು ಕೂರುವ ಸೀಟು ಅವನೊಬ್ಬನದಾಗಿತ್ತು.

ಮೂರಕ್ಕೆ ಐದು ನಿಮಿಷವಿರುವಾಗ ಗಾಜಿನ ಕಟ್ಟಡದ ಒಂಬತ್ತನೇ ಮಹಡಿಯಲ್ಲಿ ಅವನ ಹೆಸರು ಕರೆದರು.

ಉದ್ದನೆಯ ಮೇಜು. ಆಚೆ ಕಡೆ ಮೂವರು. ನಡುವೆ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡ ಮುಖ್ಯಸ್ಥೆ. ಎಡಕ್ಕೆ ಲ್ಯಾಪ್‌ಟಾಪಿನಿಂದ ಕಣ್ಣೆತ್ತದ ಯುವಕ. ಬಲಕ್ಕೆ ಬೋಳುತಲೆಯ, ಸೌಮ್ಯ ಮುಖದ ಒಬ್ಬರು. ಅವರು ಮಾತಾಡದೆ ಬರೀ ಪೆನ್ಸಿಲು ಚೂಪು ಮಾಡುತ್ತಿದ್ದರು.

"ನಿಮ್ಮ ಕೈಯಾರೆ ತಡೆದ ಒಂದು ಕಳ್ಳತನದ ಬಗ್ಗೆ ಹೇಳಿ" ಎಂದರು ಮುಖ್ಯಸ್ಥೆ.

ಬೀಗಣ್ಣ ಹೆಸರುಗಳ ಚಿಂತೆಯಲ್ಲಿದ್ದವನು ಈ ಪ್ರಶ್ನೆಗೆ ತಬ್ಬಿಬ್ಬಾದ. ಆಮೇಲೆ ಮೂರನೇ ಮಹಡಿಯ ಪ್ರಿಂಟರು ನೆನಪಾಯಿತು. ಯಾರೂ ಇಲ್ಲದ ಊಟದ ಹೊತ್ತಿನಲ್ಲಿ ಆ ಪ್ರಿಂಟರು ದಿನವೂ ಹನ್ನೊಂದು ನಿಮಿಷ ಹೊರಗಿನ ಯಾರಿಗೋ ಕಾಗದ ಬರೆಯುತ್ತಿತ್ತು. ಸಾಹೇಬರೂ ಅವನೂ ದಾಖಲೆಯ ಕಾಗದ ನೆಲಕ್ಕೆ ಹಾಸಿ ಒಂದೇ ಸಾಲಿಗೆ ಒಟ್ಟಿಗೆ ಸೊನ್ನೆ ಸುತ್ತಿದ್ದರು. "ಅಚ್ಚು ಹಾಕೋದು ಪ್ರಿಂಟರಿನ ಕೆಲಸ, ಪತ್ರವ್ಯವಹಾರ ಯಾಕೆ ಮಾಡ್ತಿದೆ?" ಎಂದಿದ್ದರು ಸಾಹೇಬರು. ಇಬ್ಬರೂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ತಂತಿ ಕಿತ್ತಿದ್ದರು. ಒಂದು ಗ್ರಾಹಕರ ಪಟ್ಟಿ ಇಡಿಯಾಗಿ ಹೋಗುವುದಿತ್ತು, ಹೋಗಲಿಲ್ಲ.

ಹೇಳುತ್ತ ಹೇಳುತ್ತ ಬೀಗಣ್ಣ ಕುರ್ಚಿಯ ತುದಿಗೆ ಬಂದಿದ್ದ. ಆ ಹತ್ತು ನಿಮಿಷ ಅವನ ಬಾಯಿಂದ ಒಂದೇ ಒಂದು ಟೂಲಿನ ಹೆಸರೂ ಬರಲಿಲ್ಲ, ಯಾರೂ ಕೇಳಲೂ ಇಲ್ಲ. ಯುವಕ ಲ್ಯಾಪ್‌ಟಾಪು ಮುಚ್ಚಿದ. ಮುಖ್ಯಸ್ಥೆ ಕನ್ನಡಕವನ್ನು ತಲೆಯಿಂದ ಕಣ್ಣಿಗೆ ಇಳಿಸಿ ಅವನನ್ನು ಸರಿಯಾಗಿ ನೋಡಿದರು. "ಇಂಥ ಮಾತು ಕೇಳಿ ಎಷ್ಟು ದಿನ ಆಯ್ತು" ಎಂದರು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

"ಇನ್ನೊಂದೇ ಬಾಕಿ, ಬರೀ ನಿಯಮಕ್ಕೆ" ಎಂದು ಮುಖ್ಯಸ್ಥೆ ಒಂದು ಹಾಳೆ ಸರಿಸಿದರು. "ಇದರಲ್ಲಿ ಐದು ಟೂಲುಗಳಿವೆ. ಒಂದೊಂದಾಗಿ ಓದಿ, ನಿಮಗೆ ಗೊತ್ತಿರೋದನ್ನ ಹೇಳಿ."

ಬೀಗಣ್ಣ ಹಾಳೆ ಹತ್ತಿರಕ್ಕೆ ಎಳೆದುಕೊಂಡ. "ಎನ್‌ಮ್ಯಾಪ್" ಎಂದ. ಯಾರೂ ಮೂಗಿನಿಂದ ಗಾಳಿ ಬಿಡಲಿಲ್ಲ. "ನೆಸಸ್." ಮುಖ್ಯಸ್ಥೆ ತಲೆಯಾಡಿಸಿದರು. "ಸುರಿಕಾಟಾ." ಯುವಕನೂ ತಲೆಯಾಡಿಸಿದ. ಬೀಗಣ್ಣನ ಬೆನ್ನು ತಾನಾಗಿ ನೆಟ್ಟಗಾಯಿತು.

ನಾಲ್ಕನೆಯದಕ್ಕೆ ಬಂದ. ನಿಂತ.

ಆ ಹೆಸರನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ. ಮಗಳ ಚೀಟಿಯಲ್ಲಿರಲಿಲ್ಲ, ಮೇಷ್ಟರ ಚೀಟಿಯಲ್ಲಿರಲಿಲ್ಲ. ಮೊದಲಿಗೆ ಕ್ಯೂ ಅಕ್ಷರ, ಅದರ ಪಕ್ಕ ಇರಬೇಕಾದ ಯು ಮಾತ್ರ ನಾಪತ್ತೆ. ನಡುವೆ ಪಿ ಮತ್ತು ಎಚ್ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಕೊನೆಯಲ್ಲಿ ಒಂದು ಎಕ್ಸ್ ಕಾಲು ಚಾಚಿ ಕೂತಿತ್ತು. ಬರೆದಂತೆ ಓದಿದರೆ ಹಲ್ಲು ಉಳಿಯುವುದು ಕಷ್ಟವಿತ್ತು.

ಅದೇನು ಮಾಡುವ ಟೂಲು ಎಂಬ ಪ್ರಶ್ನೆ ಬೀಗಣ್ಣನ ಹತ್ತಿರಕ್ಕೂ ಸುಳಿಯಲಿಲ್ಲ. ಬೆಳಗಿನಿಂದ ಅವನ ಲೋಕದಲ್ಲಿ ಇದ್ದುದು ಒಂದೇ ಪ್ರಶ್ನೆ. ಕೊನೆಯ ಎಕ್ಸ್ ನೋಡಿದ. ಇಷ್ಟು ಆರಾಮಾಗಿ ಕೂತಿದೆ ಎಂದರೆ ಇದು ಕೆಲಸ ಮಾಡುವ ಅಕ್ಷರವಲ್ಲ ಎನಿಸಿತು. ಕಣ್ಣು ಮುಚ್ಚಿ, ನಾಲಿಗೆಯನ್ನು ಅದರ ಪಾಡಿಗೆ ಬಿಟ್ಟ.

"ಕೆಫ್ರಾ" ಎಂದ.

ಎಷ್ಟು ಹಗುರವಾಗಿ, ಎಷ್ಟು ಲೀಲಾಜಾಲವಾಗಿ ಬಂತೆಂದರೆ ಅವನಿಗೇ ರೋಮಾಂಚನವಾಯಿತು. ಬೋಳುತಲೆಯವರ ಪೆನ್ಸಿಲು ನಿಂತಿತು. ಅವರ ಕಣ್ಣುಗಳು ಅಗಲವಾಗಿ ಅರಳಿದವು.

"ಇದನ್ನ ಬಳಸಿದ್ದೀರಾ?" ಕೇಳಿದರು ಮುಖ್ಯಸ್ಥೆ.

ಇಷ್ಟು ಚೆನ್ನಾಗಿ ಉಚ್ಚರಿಸಿದ ಮೇಲೆ ಗೊತ್ತಿಲ್ಲ ಎನ್ನಲು ಯಾರಿಗೆ ತಾನೇ ಬಾಯಿ ಬರುತ್ತದೆ? "ಬಳಸಿದೀನಿ ಮೇಡಂ."

"ಎಷ್ಟು ವರ್ಷದಿಂದ?"

"ಆರು... ಆರೂವರೆ."

"ಹೇಗನ್ಸುತ್ತೆ?"

ಬೀಗಣ್ಣ ಒಂದು ಕ್ಷಣ ಕಿಟಕಿಯಾಚೆ ನೋಡಿದ. ಅವನ ಮುಖದ ಮೇಲೆ ಕಳೆದ ಕಾಲದ ನೆರಳೊಂದು ಹಾದುಹೋಯಿತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. "ಈಗಿನದು ಸ್ವಲ್ಪ ಭಾರ ಮೇಡಂ" ಎಂದ. "ಹಳೇ ಕೆಫ್ರಾನೇ ಚೆನ್ನಾಗಿತ್ತು."

ಮುಖ್ಯಸ್ಥೆ ಕನ್ನಡಕವನ್ನು ಕಣ್ಣಿನಿಂದ ತೆಗೆದು ತಲೆಗೆ ಏರಿಸಿದರು. ಯುವಕ ಲ್ಯಾಪ್‌ಟಾಪು ತೆರೆದ.

"ನೋಡಿ, ಈ ಹೆಸರಿನ ಟೂಲು ಇಲ್ಲ" ಎಂದರು ಮುಖ್ಯಸ್ಥೆ, ಬೇಸರದಿಂದಲೇ. "ಎಲ್ಲರ ಹಾಳೆಯಲ್ಲೂ ಒಂದು ಸುಳ್ಳು ಹೆಸರು ಸೇರಿಸಿರ್ತೀವಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಾರಾ ಅಂತ ನೋಡೋಕೆ. ಬಾಗಿಲು ಕಾಯೋ ಕೆಲಸ ನಿಮ್ಮದು. ಮುರಿದಿರೋ ಬಾಗಿಲನ್ನೂ ನೀವು ಭದ್ರವಾಗಿದೆ ಅಂದುಬಿಟ್ಟರೆ ನಾವು ಏನ್ಮಾಡೋದು ಹೇಳಿ? ಆ ಪ್ರಿಂಟರಿನ ಕತೆ ಕೇಳಿದ ಮೇಲೆ ನನಗೆ ಹೀಗಾಗಬಾರದಿತ್ತು ಅನ್ಸುತ್ತೆ. ಆದ್ರೆ ನಿಯಮ."

ಬೀಗಣ್ಣ ಎದ್ದ. ಆ ದಿನ ಇನ್ನು ಬಾಯಿ ತೆರೆಯಬಾರದೆಂದು ನಿರ್ಧರಿಸಿಯಾಗಿತ್ತು. ಕೈ ಮುಗಿದು ಹೊರಗೆ ಬಂದು ಲಿಫ್ಟಿನ ಗುಂಡಿ ಒತ್ತಿದ.

ಹಿಂದಿನಿಂದ ದಡದಡ ಹೆಜ್ಜೆ ಕೇಳಿಸಿತು. ಬೋಳುತಲೆಯವರು ಓಡಿ ಬರುತ್ತಿದ್ದರು. ಇನ್ನೂ ಏನಾದರೂ ದಾರಿ ಇರಬಹುದೆಂದು ಬೀಗಣ್ಣ ಲಿಫ್ಟಿಗೆ ಬೆನ್ನು ಮಾಡಿ ನಿಂತ. ಅವರು ಬಂದವರೇ ಎರಡೂ ಕೈಗಳಿಂದ ಅವನ ಕೈ ಹಿಡಿದುಕೊಂಡರು. ಕಣ್ಣಂಚು ಒದ್ದೆಯಾಗಿತ್ತು.

"ಬೇಜಾರು ಮಾಡ್ಕೋಬೇಡಿ" ಎಂದರು. "ಆ ಹೆಸರು ಕಟ್ಟಿದ್ದು ನಾನು. ಎರಡು ವರ್ಷದಿಂದ ನಲವತ್ತೊಂದು ಜನ ಆ ಹಾಳೆ ಓದಿದ್ದಾರೆ. ಒಬ್ಬರ ಬಾಯಲ್ಲೂ ಬರ್ಲಿಲ್ಲ. ಸರಿಯಾಗಿ ಉಚ್ಚರಿಸಿದ್ದು ನೀವೊಬ್ಬರೇ."